ಭಟ್ಟಿಗೆ ಬೆನ್ನು ಹಾಕಿ ಕೂತವನು

ಪಾವ್ ಒಳಗೆ ಹೋಗಿ ತಗಡಿನ ಬಾಗಿಲು ಮುಚ್ಚಿತೆಂದರೆ ಬೇಯುವ ತನಕ ಅದನ್ನು ಯಾರೂ ತೆರೆಯಕೂಡದು. ರುಜಾರನ ಪಾವ್ ಭಟ್ಟಿಗೆ ಇದ್ದದ್ದು ಇದೊಂದೇ ಕಾನೂನು. ಅಜ್ಜ ಮಾಡಿದ ಕಾನೂನು ಅದು. ಅಪ್ಪ ಅದನ್ನು ಎಷ್ಟು ಬಿಗಿಯಾಗಿ ನಡೆಸಿದನೆಂದರೆ, ಒಮ್ಮೆ ಇಗರ್ಜಿಯ ಪಾದ್ರಿಯೇ ಬಂದು "ಸ್ವಲ್ಪ ತೆಗೆದು ತೋರಿಸು, ಒಳಗೆ ಹೇಗಿರುತ್ತೆ ನೋಡೋಣ" ಎಂದಾಗ, "ನೀವು ಪೂಜೆ ಮಾಡ್ತಿರುವಾಗ ನಾನು ಬಂದು ಪೀಠದ ಮೇಲೆ ಇಣುಕಿದ್ರೆ ಸುಮ್ನಿರ್ತೀರಾ ಫಾದರ್?" ಎಂದು ಕೇಳಿ ಬಂದ ದಾರಿಯಲ್ಲೇ ಕಳಿಸಿದ್ದ. ಲೋಟಲಿ ಊರಿನ ಆ ವಾಡೆಯಲ್ಲಿ, ಆ ಕೇರಿಯಲ್ಲಿ, ಈಗಲೂ ಈ ಮಾತನ್ನು ಹೇಳಿಕೊಂಡು ನಗುತ್ತಾರೆ. ಪಾವ್ ಸುಡುವ ಪದೇರರ ಜಂಬ ಅಂದರೆ ಹಾಗೆ. ಊರಿಗೆ ಪಾವ್ ತಿನ್ನಿಸುವ ಕೈ ತಮ್ಮದು, ಆ ಕೈಗೆ ಬೇರೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ಅವರ ರಕ್ತದಲ್ಲೇ ಇದೆ.

ಅಂಥ ಮನೆಯಲ್ಲಿ, ಮಗಳು ಸಬೀನಳ ಮದುವೆಗೆ ಎರಡು ತಿಂಗಳಿರುವಾಗ, ರುಜಾರನ ಹೆಂಡತಿ ಸೆವ್ರಿನ್ ಮಧ್ಯಾಹ್ನ ಮೀನಿನ ಸಾರು ಬಡಿಸುತ್ತಾ ತಣ್ಣಗೆ ಒಂದು ಮಾತು ಹೇಳಿದಳು.

"ಬೋಲ್ ಮಡಗಾಂವಿಂದ ತರಿಸೋಣ."

ರುಜಾರನ ಕೈಯಲ್ಲಿದ್ದ ಅನ್ನ ತಟ್ಟೆಗೇ ಬಿತ್ತು. "ಏನಂದೆ?"

"ಕಿವಿ ಚೆನ್ನಾಗೇ ಕೇಳುತ್ತೆ ನಿನಗೆ. ಬೋಲ್ ಅಂಗಡಿಯಿಂದ ತರಿಸೋಣ ಅಂದೆ."

"ಪದೇರನ ಮಗಳಿಗೆ ಅಂಗಡಿ ಬೋಲಾ?"

"ಪದೇರ ಭಟ್ಟಿ ಬಾಗಿಲು ಮುಚ್ಕೊಂಡು ಕೂರೋ ಹಾಗಿದ್ರೆ ನಾನ್ಯಾಕೆ ಹೀಗಂತಿದ್ದೆ? ಮೊನ್ನೆ ಉಂಡೊ ಪಾವ್ ನೋಡಿದ್ಯಾ? ಲಾರಿ ಹತ್ತಿಸಿದ ಹಾಗೆ ಬಿದ್ಕೊಂಡಿತ್ತು. ಅಂಥದ್ದನ್ನ ಕುಡ್ತರಿಯ ಬೀಗರ ಮನೆಗೆ ಕಳಿಸಿದ್ರೆ ನಮ್ಮ ಹುಡುಗಿ ಅಲ್ಲಿ ಹೇಗೆ ತಲೆ ಎತ್ಕೊಂಡು ಓಡಾಡಬೇಕು?"

ಬೋಲ್ ಅಂದರೆ ಬರೀ ಸಿಹಿ ರೊಟ್ಟಿಯಲ್ಲ. ತೆಂಗಿನ ಕಳ್ಳಿನ ಕಪ್ಪು ಬೆಲ್ಲ, ಗೋಧಿ ರವೆ, ಕಾಯಿತುರಿ ಕಲಸಿ ಬೇಯಿಸಿದ ಆ ದಪ್ಪ ಬಿಲ್ಲೆಗಳನ್ನು ತವರಿನವರು ಮಗಳ ಜೊತೆ ಬುಟ್ಟಿಗಟ್ಟಲೆ ಕಳಿಸುತ್ತಾರೆ. ಗಂಡಿನ ಊರಿನವರು ಮನೆಮನೆಗೆ ಹಂಚುತ್ತಾರೆ. ಪ್ರತಿ ಮನೆಯ ಮುದುಕಿಯೂ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಬಂದ ಸೊಸೆಯ ಮನೆತನ ಎಂಥದ್ದೆಂದು ತೀರ್ಮಾನ ಮಾಡುತ್ತಾಳೆ. ಸುತ್ತಲಿನ ನಾಲ್ಕು ಹಳ್ಳಿಯವರು ಬೋಲ್ ಮಾಡಿಸಲು ರುಜಾರನ ಬಾಗಿಲಿಗೇ ಬರುತ್ತಿದ್ದರು. ಈಗ ಅವನ ಮಗಳೇ ಬೇರೆಯವರ ಬೋಲ್ ಹೊತ್ತುಕೊಂಡು ಹೋಗುವುದೆಂದರೆ ಇಡೀ ಸಾಷ್ಟಿ ತಾಲೂಕಿನ ಬಾಯಿಗೆ ಎಲೆ ಅಡಿಕೆ ಕೊಟ್ಟ ಹಾಗೆ. ರುಜಾರ ಊಟ ಬಿಟ್ಟು ಎದ್ದ. ಆದರೆ ಸೆವ್ರಿನ್ ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು.

ಅದು ಶುರುವಾದದ್ದು ಹಿಂದಿನ ವರ್ಷ ಮಳೆ ನಿಂತ ಮೇಲೆ. ಒಂದು ದಿನ ಬಾಗಿಲು ಮುಚ್ಚಿ ಸ್ಟೂಲಿನ ಮೇಲೆ ಕೂತಿದ್ದಾಗ ಎದೆ ಇದ್ದಕ್ಕಿದ್ದಂತೆ ಹೊಡೆದುಕೊಳ್ಳತೊಡಗಿತು. ಅಂಗೈ ಬೆವೆತಿತು. ಒಳಗೆ ಪಾವ್ ಸುಟ್ಟು ಹೋಗುತ್ತಿದೆ, ಊರಿಗೆ ಇವತ್ತು ಪಾವ್ ಇಲ್ಲ ಎಂಬ ಯೋಚನೆ ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಡಲಿಲ್ಲ. ತಡೆಯಲಾಗದೆ ಬಾಗಿಲು ತೆಗೆದು ನೋಡಿದ. ಏನೂ ಆಗಿರಲಿಲ್ಲ. ಮುಚ್ಚಿದ. ಎದೆ ಮತ್ತೆ ಹೊಡೆದುಕೊಂಡಿತು. ಮತ್ತೆ ತೆಗೆದ. ತೆಗೆದಾಗಲೆಲ್ಲ ಕಾವು ಹೊರಗೆ ಹೋಯಿತು, ಉಬ್ಬಬೇಕಾದ ಪಾವ್ ಕುಸಿದು ಕೂತಿತು. ಸುಡುತ್ತದೆಂಬ ಭಯಕ್ಕೆ ನೋಡುವುದು, ನೋಡಿದ್ದಕ್ಕೆ ಕೆಡುವುದು, ಕೆಟ್ಟಿದ್ದಕ್ಕೆ ಇನ್ನಷ್ಟು ಭಯ. ಈ ಗಾಣಕ್ಕೆ ಕಟ್ಟಿಕೊಂಡ ಮನುಷ್ಯ ವರ್ಷವಿಡೀ ಸುತ್ತಿದ.

ಯಾರು ಕೇಳಿದರೂ "ಗ್ಯಾಸು" ಅನ್ನುತ್ತಿದ್ದ. ಸೋಡಾ ಕುಡಿದ, ಜೀರಿಗೆ ಅಗಿದ. ಎದೆಯ ಡಾಕ್ಟರು ತಂತಿಗಳನ್ನೆಲ್ಲ ಅಂಟಿಸಿ ನೋಡಿ "ನಿಮ್ಮ ಹೃದಯ ನನ್ನದಕ್ಕಿಂತ ಗಟ್ಟಿ ಇದೆ" ಎಂದು ಕಳಿಸಿದರು. ಸೆವ್ರಿನ್ ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿವಾಳಿಸಿ ಭಟ್ಟಿಯ ಬೆಂಕಿಗೇ ಹಾಕಿದಳು. ಮೆಣಸಿನ ಘಾಟು ಬರಲಿಲ್ಲ. ದೃಷ್ಟಿ ಬಲವಾಗಿದೆ ಎಂದು ವಾರಕ್ಕೊಮ್ಮೆ ತೆಗೆದಳು. ದೃಷ್ಟಿ ಇಳಿಯಿತೋ ಏನೋ, ರುಜಾರನ ಕೈ ಮಾತ್ರ ಬಾಗಿಲ ಹಿಡಿಯಿಂದ ಇಳಿಯಲಿಲ್ಲ. ನಿದ್ದೆಯೂ ಹಾರಿಹೋಯಿತು. ಭಟ್ಟಿಯವರು ಮಲಗುವುದೇ ಊರು ಎಚ್ಚರವಿರುವಾಗ. ಆ ಚೂರುಪಾರು ನಿದ್ದೆಯೂ ಬಾರದೆ ಅವನು ಗೋಡೆ ನೋಡಿಕೊಂಡು ಬಿದ್ದಿರುತ್ತಿದ್ದ.

ಕೊನೆಗೆ ಸೆವ್ರಿನ್ ಒಂದು ಉಪಾಯ ಹೂಡಿದಳು. ಮದುವೆಯ ಸೂಟಿಗೆ ಅಳತೆ ಕೊಡಲು ಮಡಗಾಂವಿಗೆ ಹೋಗೋಣ ಎಂದು ಗಂಡನನ್ನು ಇಗರ್ಜಿಯ ಬಟ್ಟೆಯಲ್ಲಿ ಹೊರಡಿಸಿ, ದರ್ಜಿಯ ಅಂಗಡಿಯ ಮೇಲಿನ ಮಹಡಿಗೆ ಹತ್ತಿಸಿದಳು. ಅಲ್ಲಿ ಇದ್ದದ್ದು ಡಾಕ್ಟರ್ ಲವಂದೆ ಎಂಬ ಹೆಂಗಸು. ಮನಸ್ಸಿನ ಡಾಕ್ಟರು. ಬೋರ್ಡು ಓದಿದ ರುಜಾರ ಮೆಟ್ಟಿಲ ಮೇಲೇ ನಿಂತುಬಿಟ್ಟ.

"ನನಗೇನು ಹುಚ್ಚಾ?"

"ಹುಚ್ಚಾಗಿದ್ರೆ ನಾನೇ ನೋಡ್ಕೋತಿದ್ದೆ. ಇಷ್ಟು ವರ್ಷ ನೋಡ್ಕೊಂಡಿಲ್ವಾ? ಇದು ನನ್ನ ಕೈ ಮೀರಿದ್ದು, ಹತ್ತು."

ಡಾಕ್ಟರು ಮೆಲ್ಲಗೆ ಒಂದೊಂದೇ ಕೇಳಿದರು. ಎದೆಯ ಬಗ್ಗೆ, ನಿದ್ದೆಯ ಬಗ್ಗೆ, ಹಸಿವಿನ ಬಗ್ಗೆ. ರುಜಾರ ಕಟ್ಟು ಬಿಚ್ಚಿದಂತೆ ಹೇಳಿದ, ಅವನಿಗೇ ಆಶ್ಚರ್ಯವಾಗುವಷ್ಟು. ಆದರೆ "ಏನು ಕೆಲಸ ಮಾಡ್ತೀರಿ?" ಎಂದಾಗ ಮಾತ್ರ ಹಳೆಯ ಜಂಬ ಎದ್ದು ಕೂತಿತು. ಪದೇರನಿಗೆ ತಲೆ ಕೆಟ್ಟಿದೆ ಅಂತ ಮಡಗಾಂವಿನವರಿಗೆ ಗೊತ್ತಾಗಬೇಕೇ? "ಬಿಸಿನೆಸ್" ಅಂದ. ಸೆವ್ರಿನ್ ಬಾಯಿ ತೆರೆದಳು, ಅವನು ಮೇಜಿನಡಿಯಲ್ಲಿ ಅವಳ ಕಾಲು ತುಳಿದ.

ಡಾಕ್ಟರು ಒಂದು ಸಣ್ಣ ಮಾತ್ರೆ ಬರೆದರು. "ಇದು ಖಿನ್ನತೆಗೆ ಕೊಡೋ ಮಾತ್ರೆ. ನಿದ್ದೆನೂ ತರುತ್ತೆ."

"ನಾನೇನು ಅಳ್ತಾ ಕೂತಿದೀನಾ ಡಾಕ್ಟರ್? ನನಗಿರೋದು ಹೆದರಿಕೆ."

"ಹೆದರಿಕೆಗೂ ಇದನ್ನ ಕೊಡ್ತೀವಿ, ಕೆಲವರಿಗೆ ಚೆನ್ನಾಗಿ ಹಿಡಿಯುತ್ತೆ. ನಿಮಗೆ ನಿದ್ದೆ ಇಲ್ಲ, ಊಟ ಸೇರಲ್ಲ, ಅದಕ್ಕೇ ಇದನ್ನ ಆರಿಸಿದ್ದು. ನಿದ್ದೆ ಬೇಗ ಬರುತ್ತೆ. ಹೆದರಿಕೆ ಇಳಿಯೋಕೆ ಕೆಲವು ವಾರ ಬೇಕು, ಮಧ್ಯೆ ನಿಲ್ಲಿಸಬೇಡಿ. ಮೊದಮೊದಲು ಎದ್ದಮೇಲೂ ಮಂಪರು ಇರುತ್ತೆ. ಹಸಿವು ಜಾಸ್ತಿ ಆಗುತ್ತೆ. ಫೆನಿ, ಹೆಂಡ ಏನೂ ಮುಟ್ಟಬೇಡಿ. ರಾತ್ರಿ ಊಟ ಆದಮೇಲೆ ಒಂದು, ನುಂಗಿ ಮಲಗಿಬಿಡಿ."

ಬಿಸಿನೆಸ್ಸಿನವನಿಗೆ ಹೇಳಿದ ಮಾತು ಅದು. ಬಿಸಿನೆಸ್ಸಿನವನು ಹತ್ತಕ್ಕೆ ಮಲಗಿ ಬಿಸಿಲು ಬಿದ್ದ ಮೇಲೆ ಏಳುತ್ತಾನೆ. ಪದೇರನ ರಾತ್ರಿ ಅಷ್ಟು ಉದ್ದ ಇರುವುದಿಲ್ಲ, ನಡುರಾತ್ರಿ ಕಳೆಯುತ್ತಿದ್ದಂತೆ ಹಿಟ್ಟು ಕಲಸಲು ಏಳಬೇಕು. ರುಜಾರ ಊಟ ಮುಗಿಸಿ ಮಾತ್ರೆ ನುಂಗಿದ, ಒಂದು ವರ್ಷದಲ್ಲಿ ನೋಡದಂಥ ನಿದ್ದೆಗೆ ಬಿದ್ದ. ಅದು ಅರ್ಧಕ್ಕೂ ಬಂದಿರಲಿಲ್ಲ, ಸೆವ್ರಿನ್ ನೀರು ಚಿಮುಕಿಸಿ ಎಬ್ಬಿಸಿದಳು. ಎದ್ದದ್ದು ದೇಹ ಮಾತ್ರ. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾ ಹಿಟ್ಟು ಸುರಿದ, ನೀರು ಹೊಯ್ದ, ಕಲಸಿದ, ಉಂಡೆ ಮಾಡಿದ. ಅದನ್ನು ಭಟ್ಟಿಗೆ ಹಾಕಿದ್ದು ಕೆಲಸದಾಳು ಸಾಲು. ಈ ಸಾಲು ಸೈಕಲ್ಲಿನಲ್ಲಿ ಬುಟ್ಟಿ ಕಟ್ಟಿಕೊಂಡು, ರಬ್ಬರ್ ಹಾರನ್ ಒತ್ತುತ್ತಾ ಮನೆಮನೆಗೆ ಪಾವ್ ಹಾಕುವವನು. ನಲವತ್ತು ದಾಟಿದ ಬ್ರಹ್ಮಚಾರಿ, ಊರಿನ ಸುದ್ದಿಯನ್ನೆಲ್ಲ ಪಾವ್ ಜೊತೆಗೆ ಹಂಚುವ ಆಸಾಮಿ. ಪಾವ್ ಚೆಂದವಾಗಿ ಉಬ್ಬಿ ಕೆಂಪಗೆ ಬಂತು. ಬಾಗಿಲು ತೆಗೆದು ನೋಡುವಷ್ಟು ಎಚ್ಚರ ರುಜಾರನಿಗೆ ಇರಲಿಲ್ಲವಲ್ಲ! ಸಾಲು ಬುಟ್ಟಿ ತುಂಬಿಕೊಂಡು ಪೋಂ ಪೋಂ ಎನ್ನುತ್ತಾ ಹೋದ.

ಬಿಸಿಲು ಏರುವ ಹೊತ್ತಿಗೆ ವಾಪಸು ಬಂದವನ ಮುಖ ನೋಡಬೇಕಿತ್ತು.

"ಪಾತ್ರಾಂವ್, ಧಣೀ, ಹಿಟ್ಟಿಗೆ ಉಪ್ಪು ಹಾಕಿದ್ರಾ?"

ರುಜಾರ ತೌಡು ಮೆತ್ತಿದ ಒಂದು ಪೊಯಿ ಪಾವ್ ಮುರಿದು ಬಾಯಿಗಿಟ್ಟ. ಮೇಣದ ಹಾಗಿತ್ತು.

"ಎಲ್ಲ ಗೇಟಿನ ಹತ್ತಿರಾನೂ ನಿಲ್ಲಿಸ್ಕೊಂಡು ಕೇಳಿದ್ರು ಪಾತ್ರಾಂವ್," ಅಂದ ಸಾಲು. ಹೇಳಬಾರದೆಂದು ಬಾಯಿಗೆ ಬೀಗ ಹಾಕಿಕೊಳ್ಳುವ ಜಾತಿಯವನಲ್ಲ ಅವನು. "ಕೆಳಗಿನ ಮನೆಯವರು, ಸೆವ್ರಿನ್‌ಬಾಯಿ ಉಪ್ಪೆಲ್ಲ ದೃಷ್ಟಿ ತೆಗೆಯೋಕೇ ಖರ್ಚು ಮಾಡಿದ್ಲಾ ಅಂತ ನಕ್ಕರು. ಬಾವಿ ಹತ್ತಿರದವರು, ಸರ್ಕಾರ ಉಪ್ಪಿಗೂ ತೆರಿಗೆ ಹಾಕಿತಾ ಅಂದ್ರು. ಒಬ್ಬರಂತೂ ನಾಯಿಗೆ ಹಾಕಿದ್ರಂತೆ, ನಾಯಿ ಮೂಸಿ ಅವರ ಮುಖಾನೇ ನೋಡ್ತಂತೆ."

ರುಜಾರ ಉಗ್ರಾಣಕ್ಕೆ ಹೋಗಿ ಹಿಟ್ಟಿನ ಚೀಲದ ಮೇಲೆ ಕೂತುಬಿಟ್ಟ. ವರ್ಷವಿಡೀ ಯಾವುದಕ್ಕೆ ಹೆದರಿದ್ದನೋ ಅದೇ ಆಗಿತ್ತು. ಅಜ್ಜನ ಕಾಲದಿಂದ ರುಚಿ ಕೆಡದಿದ್ದ ಪಾವ್ ಇಡೀ ಊರಿನ ಮುಂದೆ ಕೆಟ್ಟಿತ್ತು. ಜೇಬಿನಿಂದ ಮಾತ್ರೆಯ ಹಾಳೆ ತೆಗೆದು, "ಇದನ್ನ ಭಟ್ಟಿಗೆ ಹಾಕ್ತೀನಿ" ಅಂದ.

"ಹಾಕು," ಅಂದಳು ಸೆವ್ರಿನ್. "ಹಾಕಿದ ತಕ್ಷಣ ನಾನು ಮಡಗಾಂವಿನ ಅಂಗಡಿಗೆ ಫೋನ್ ಮಾಡಿ ಬೋಲ್ ಹೇಳಿಬಿಡ್ತೀನಿ. ಎರಡೂ ಒಟ್ಟಿಗೇ ಆಗಲಿ."

ಅಷ್ಟರಲ್ಲಿ ಅಂಗಳದಲ್ಲಿ ಊರುಗೋಲಿನ ಸದ್ದಾಯಿತು. ಬಂದವಳು ತಿಯಾ ಎರ್ಮೆಲಿಂದ್, ವಾಡೆಗೆಲ್ಲ ಅತ್ತೆ. ವಾಡೆಯ ಅರ್ಧ ಜನಕ್ಕೆ ಮಗ್ಗಿ ಕಲಿಸಿ, ಕಿವಿ ಹಿಂಡಿ, ನಿವೃತ್ತಳಾದ ಟೀಚರು. ರುಜಾರನ ಕಿವಿಯೂ ಅದರಲ್ಲಿ ಸೇರಿತ್ತು. ಅವಳ ಕೈಯಲ್ಲಿ ಒಂದು ಉಂಡೊ ಇತ್ತು. ರುಜಾರನಿಗೆ ಚೀಲದ ಹಿಂದೆ ಅಡಗಿಕೊಳ್ಳೋಣ ಅನ್ನಿಸಿತು.

"ಎಲ್ಲಿ ಅವನು? ಏನೋ, ನನ್ನ ಡಾಕ್ಟರು ನಿನಗೂ ಫೋನ್ ಮಾಡಿದ್ನಾ? ಬಿ.ಪಿ. ಇದೆ, ಉಪ್ಪು ಬಿಡಿ ಅಂತ ನನಗೊಬ್ಬಳಿಗೆ ಹೇಳಿದ್ದು. ನೀನು ಊರಿಗೆಲ್ಲ ಪಥ್ಯ ಹಾಕಿಬಿಟ್ಯಲ್ಲ!"

"ತಿಯಾ, ತಪ್ಪಾಯ್ತು. ನಾಳೆಯಿಂದ..."

"ನಿಲ್ಲು, ನಾನಿನ್ನೂ ಮುಗಿಸಿಲ್ಲ. ನಿಮ್ಮಪ್ಪನ ಕಾಲದಿಂದ ಈ ಮನೆ ಪಾವ್ ತಿಂತಿದೀನಿ. ಇದರಲ್ಲಿ ಉಪ್ಪಿದೆ ಅಂತ ನನಗೆ ಗೊತ್ತಾಗಿದ್ದೇ ಇವತ್ತು." ಅವಳು ಉಂಡೊ ಮುರಿದು ಒಂದು ತುಂಡನ್ನು ಬಾಯಿಗೆ ಹಾಕಿಕೊಂಡಳು. "ಮೀನಿನ ಸಾರು ಜಾಸ್ತಿ ಉಪ್ಪಾಗಿತ್ತು, ಇದರ ಜೊತೆ ಸರಿಹೋಯ್ತು. ನಾಳೆ ಎರಡು ಪೊಯಿ ಜಾಸ್ತಿ ಹಾಕ್ಸು, ತಮ್ಮನ ಮಕ್ಕಳು ಬರ್ತಿದಾರೆ."

ರುಜಾರ ಅವಳನ್ನೇ ನೋಡಿದ. ಪಾವ್ ಕೆಟ್ಟಿತ್ತು, ಊರು ನಕ್ಕಿತ್ತು, ನಾಳೆಗೆ ಮತ್ತೆ ಪಾವ್ ಕೇಳುತ್ತಿತ್ತು. ವರ್ಷವಿಡೀ ಎದೆಯಲ್ಲಿ ಹೊತ್ತು ತಿರುಗಿದ ಆ ದೊಡ್ಡ ಅನಾಹುತ ಇಷ್ಟೇ ಇಷ್ಟಾಗಿತ್ತು. ಅವನಿಗೆ ನಾಚಿಕೆಯಾಯಿತು, ನಗುವೂ ಬಂತು. ಏನು ಹೊಳೆಯಿತೋ, "ತಿಯಾ, ನಾನು ಮಾತ್ರೆ ತಗೊಂಡಿದ್ದೆ. ಹೆದರಿಕೆಗೆ. ಅದರ ಮಂಪರಲ್ಲಿ ಉಪ್ಪು ಮರೆತೆ" ಎಂದುಬಿಟ್ಟ. ಹೆಂಡತಿಯನ್ನು ಬಿಟ್ಟು ಬೇರೆಯವರೆದುರು ಆ ಮಾತು ಬಾಯಿಂದ ಬಂದದ್ದು ಅದೇ ಮೊದಲು.

ತಿಯಾ ಕನ್ನಡಕದ ಮೇಲಿಂದ ನೋಡಿದಳು. "ಡಾಕ್ಟರಿಗೆ ಹೇಳಿದ್ಯಾ, ನೀನು ಪದೇರ ಅಂತ?"

ರುಜಾರ ಮಾತ್ರೆಯ ಹಾಳೆಯನ್ನು ಜೇಬಿಗೆ ತುರುಕಿದ.

"ಮೂರನೇ ಕ್ಲಾಸಲ್ಲೂ ಹಿಂಗೇ ಮಾಡ್ತಿದ್ದೆ," ಅಂದಳು ತಿಯಾ. "ಲೆಕ್ಕದ ಅರ್ಧ ಮಾತ್ರ ಹೇಳಿ ಉತ್ತರ ಸರಿ ಬರಲ್ಲ ಅಂತ ಅಳೋದು. ಹೋಗಿ ಪೂರ್ತಿ ಹೇಳು."

ಮರುದಿನ ರುಜಾರ ಇಗರ್ಜಿಯ ಬಟ್ಟೆ ತೊಡಲಿಲ್ಲ. ಮೊಣಕಾಲಿಗೆ ಹಿಟ್ಟು ಮೆತ್ತಿದ ಚಡ್ಡಿಯಲ್ಲೇ, ಉಪ್ಪು ಸರಿಯಾಗಿ ಬಿದ್ದ ಬಿಸಿ ಪೊಯಿಯ ಚೀಲ ಹಿಡಿದು ಮಡಗಾಂವಿನ ಬಸ್ಸು ಹತ್ತಿದ. ಡಾಕ್ಟರ ಮೇಜಿನ ಮೇಲೆ ಚೀಲ ಇಟ್ಟು, "ಬಿಸಿನೆಸ್ ಅಂದಿದ್ದೆನಲ್ಲ, ಇದೇ ಅದು. ನಾನು ಲೋಟಲಿಯ ಪದೇರ. ನನ್ನ ಅಜ್ಜನೂ ಪದೇರ, ಅಪ್ಪನೂ ಪದೇರ" ಎಂದ. ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಯಿತು.

ಡಾಕ್ಟರು ಪೊಯಿ ಮೂಸಿ ಸಂತೋಷಪಟ್ಟರು, ಆಮೇಲೆ ಚೆನ್ನಾಗಿ ಬೈದರು. "ಮಂಪರಲ್ಲಿ ಬೆಂಕಿ ಹತ್ತಿರ ಓಡಾಡ್ತಿದ್ರಾ? ಉಪ್ಪು ಹೋಗಿದ್ದು ನಿಮ್ಮ ಪುಣ್ಯ, ಕೈ ಹೋಗಿದ್ರೆ? ನಿಮ್ಮ ರಾತ್ರಿ ಯಾವಾಗ ಅಂತ ಮೊದಲೇ ಹೇಳಬಾರದಾ?"

"ನನ್ನ ರಾತ್ರಿ ಸಂಜೆ ಪಾವ್ ಹೊರಟಮೇಲೆ ಶುರು ಆಗುತ್ತೆ."

"ಹಾಗಿದ್ರೆ ಆಗಲೇ ತಗೊಂಡು ಮಲಗಿ. ಒಂದು ಎರಡು ವಾರ ಬೆಂಕಿ ಕೆಲಸ ಬೇರೆಯವರು ಮಾಡ್ಲಿ, ಮೈ ಒಗ್ಗೋ ತನಕ. ಆಮೇಲೆ ಬಂದು ಹೇಳಿ. ಪೂರ್ತಿ ಹೇಳಿ."

ಹಾಗೆಯೇ ನಡೆಯಿತು. ಬೆಂಕಿಯ ಮುಂದೆ ಸಾಲು ನಿಂತ. ರುಜಾರ ಸಂಜೆಯ ಹಾರನ್ ಗದ್ದೆಯಾಚೆ ಮರೆಯಾಗುತ್ತಿದ್ದಂತೆ ಮಾತ್ರೆ ನುಂಗಿ ಮಲಗಿದ. ಸೂರ್ಯ ಇನ್ನೂ ಮಾವಿನ ಮರದ ಮೇಲಿರುವಾಗಲೇ ಪದೇರನ ಗೊರಕೆ ರಸ್ತೆಗೆ ಕೇಳಿಸುತ್ತಿತ್ತು. ಎದ್ದಾಗ ಮಂಪರು ದಿನದಿನಕ್ಕೆ ತೆಳ್ಳಗಾಯಿತು. ಹಸಿವಂತೂ ಹೇಳತೀರದು. ಮಾಡಿದ ಪಾವನ್ನು ಮಾರುವುದೇ ಹೊರತು ತಿನ್ನದ ಮನುಷ್ಯ ಈಗ ಬಿಸಿಬಿಸಿ ಉಂಡೊಗೆ ಬೆಣ್ಣೆ ಮೆತ್ತಿ ಒಂದಾದ ಮೇಲೊಂದು ಒಳಗೆ ತಳ್ಳತೊಡಗಿದ. ದರ್ಜಿ ಹೊಲಿದ ಸೂಟಿನ ಗುಂಡಿ ಹಾಕಲಾಗದೆ ಎರಡು ಸಲ ಬಿಚ್ಚಿ ಅಗಲ ಮಾಡಬೇಕಾಯಿತು. "ಮದುವೆ ಇರೋದು ಮಗಳದಾ, ನಿಮ್ಮ ಹೊಟ್ಟೆದಾ?" ಎಂದ ದರ್ಜಿ.

ಹೆದರಿಕೆ ಒಂದೇ ದಿನಕ್ಕೆ ಓಡಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮತ್ತೆ ಭಟ್ಟಿಯ ಮುಂದೆ ಕೂತ ಮೊದಲ ದಿನಗಳಲ್ಲಿ ಕೈ ಬಾಗಿಲ ಹಿಡಿಯ ತನಕ ಹೋಗುತ್ತಿತ್ತು. ಕೆಲವು ದಿನ ಬಾಗಿಲು ತೆರೆದೂ ಬಿಟ್ಟ. ಆದರೆ ಚೆನ್ನಾಗಿ ನಿದ್ದೆ ಮಾಡಿದ ಮನುಷ್ಯನಿಗೆ ಎದೆಯ ಸದ್ದಿಗೂ ಕೈಗೂ ನಡುವೆ ಒಂದು ಗೇಣು ಜಾಗ ಸಿಕ್ಕಿತ್ತು. ಆ ಜಾಗದಲ್ಲಿ ಅವನು ಉಪ್ಪಿಲ್ಲದ ಪಾವನ್ನು ನೆನೆಸಿಕೊಳ್ಳುತ್ತಿದ್ದ, ಅದನ್ನು ಮೂಸಿ ಯಜಮಾನರ ಮುಖ ನೋಡಿದ ನಾಯಿಯನ್ನು ನೆನೆಸಿಕೊಂಡು ಒಬ್ಬನೇ ನಗುತ್ತಿದ್ದ. ವಾರಗಳು ಕಳೆದಂತೆ ಇನ್ನೊಂದು ಹಳೆಯ ಸಂಗತಿ ವಾಪಸು ಬಂತು. ಅವನ ಮೂಗು! ಪಾವ್ ಬೆಂದದ್ದನ್ನು ಅಪ್ಪ ಮೂಗಿನಿಂದ ತಿಳಿಯುತ್ತಿದ್ದ, ಅವನಿಗೂ ಹಾಗೆಯೇ ಕಲಿಸಿದ್ದ. ವರ್ಷವಿಡೀ ಕಣ್ಣಿನಿಂದ ನೋಡಿ ನೋಡಿ ಮೂಗನ್ನು ನಂಬುವುದೇ ಬಿಟ್ಟುಹೋಗಿತ್ತು.

ಉಂಡೊ ಮತ್ತೆ ಎದೆಯುಬ್ಬಿಸಿಕೊಂಡು ಹೊರಬರತೊಡಗಿತು. ಸೆವ್ರಿನ್ ಅದನ್ನು ನೋಡಿಯೂ ಬೋಲಿನ ಮಾತೆತ್ತಲಿಲ್ಲ. ಮದುವೆಗೆ ವಾರವಿರುವಾಗ ರುಜಾರನೇ ಹೇಳಿದ. "ಬೆಲ್ಲ ತರಿಸು. ಬೋಲ್ ಈ ಮನೆಯಲ್ಲೇ ಆಗುತ್ತೆ."

"ಕೆಟ್ಟರೆ ಇನ್ನೊಂದು ಸಲ ಮಾಡೋಕೆ ದಿನ ಇರಲ್ಲ, ರುಜಾರ್."

"ಗೊತ್ತು. ಅದಕ್ಕೇ ಒಂದೇ ಸಲ ಮಾಡ್ತೀನಿ."

ಬೋಲಿನ ದಿನ ಬೆಳಗಿನ ಪಾವ್ ಹೊರಟ ಮೇಲೆ ವಾಡೆಯ ಹೆಂಗಸರೆಲ್ಲ ಈಳಿಗೆಮಣೆ ಹಿಡಿದು ಅಂಗಳಕ್ಕೆ ಬಂದರು. ಕಾಯಿ ತುರಿಯುವ ಸದ್ದು, ಹಾಡು, ನಗೆ. ತಿಯಾ ಎರ್ಮೆಲಿಂದ್ ಕುರ್ಚಿಯಲ್ಲಿ ಕೂತು ಎಲ್ಲರ ತುರಿಯೂ ದಪ್ಪಗಿದೆ ಎಂದು ತಪ್ಪು ಹಿಡಿಯುತ್ತಿದ್ದಳು. ಹಡಗಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ರುಜಾರನ ತಮ್ಮ ಪಾವ್ಲು ಗೇರುಹಣ್ಣಿನ ಫೆನಿಯ ಬಾಟಲಿ ತೆರೆದ. ಬೋಲಿನ ಹಿಟ್ಟಿಗೆ ಕೈ ಹಾಕುವ ಮುಂಚೆ ಪದೇರ ಒಂದು ಗುಟುಕು ಏರಿಸುವುದು ಆ ಮನೆಯ ವಾಡಿಕೆ.

"ಹಿಡಿ ಅಣ್ಣಾ."

"ನನಗೆ ಬೇಡ."

"ಏನು ಬೇಡ? ಅಪ್ಪ ಕುಡಿದಿದ್ದ, ಅಜ್ಜ ಕುಡಿದಿದ್ದ. ಮಗಳ ಬೋಲಿನ ದಿನ ನೀನು ಒಣಗಿಕೊಂಡು ಕೂರ್ತೀಯಾ? ಊರು ಏನಂದೀತು?"

ಗ್ಯಾಸು ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ರುಜಾರ ಗ್ಲಾಸನ್ನು ಬೋರಲು ಹಾಕಿ, ಕಾಯಿ ತುರಿಯುವವರಿಗೆಲ್ಲ ಕೇಳುವಂತೆ ಹೇಳಿದ. "ನಾನು ಮಾತ್ರೆ ತಗೋತಿದೀನಿ. ಹೆದರಿಕೆಗೆ. ಅದಕ್ಕೂ ಫೆನಿಗೂ ಆಗಿಬರಲ್ಲ."

ಈಳಿಗೆಗಳು ನಿಂತವು. "ಹೆದರಿಕೆನಾ? ನಿನಗಾ?" ಎಂದ ಪಾವ್ಲು.

"ನನಗೇ. ವರ್ಷವಿಡೀ ಎದೆ ಹಿಡ್ಕೊಂಡೇ ನಿಮಗೆಲ್ಲ ಪಾವ್ ತಿನ್ನಿಸಿದೀನಿ. ಒಂದು ದಿನಾನೂ ಭಟ್ಟಿ ಆರಿಸಿಲ್ಲ. ಹೆದರಿಕೊಂಡೂ ಇಷ್ಟು ಮಾಡಿದವನು ಈ ಸಾಷ್ಟಿಯಲ್ಲಿ ಇನ್ನೊಬ್ಬ ಇದ್ರೆ ಕರ್ಕೊಂಡು ಬಾ, ಅವನ ಕಾಲು ಮುಟ್ತೀನಿ."

ಯಾರೂ ನಗಲಿಲ್ಲ. ಬಾವಿ ಹತ್ತಿರದ ಮನೆಯವಳು ತುರಿಯುವುದನ್ನು ಮತ್ತೆ ಶುರು ಮಾಡುತ್ತಾ, ತಲೆ ಎತ್ತದೆ, "ಯಾವ ಡಾಕ್ಟರು ರುಜಾರ್ ಬಾಬ್? ನಮ್ಮ ಸೊಸೆಗೂ ಹಾಗೇ ಎದೆ ಹೊಡ್ಕೊಳ್ಳುತ್ತೆ" ಎಂದು ಕೇಳಿದಳು. ಪಾವ್ಲು ಬಾಟಲಿಗೆ ಬಿರಡೆ ಹಾಕಿದ. ಸೆವ್ರಿನ್ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಅವನನ್ನು ಮದುವೆಯಾದ ದಿನವೂ ಅವಳಿಗೆ ಅಷ್ಟು ಹೆಮ್ಮೆ ಅನ್ನಿಸಿರಲಿಲ್ಲ.

ರುಜಾರ ಹಿಟ್ಟು ಕಲಸಿದ. ಬಿಲ್ಲೆ ಮಾಡಿ ಬಾಳೆ ಎಲೆಯ ಚೂರುಗಳ ಮೇಲಿಟ್ಟ. ಹಿಡಿ ತೌಡು ಭಟ್ಟಿಯೊಳಗೆ ಎಸೆದು ಅದು ಕೆಂಪಾಗುವುದನ್ನು ನೋಡಿ ಕಾವು ತಿಳಿದುಕೊಂಡ. ಉದ್ದ ಹಿಡಿಯ ಹಲಗೆಯಿಂದ ಬೋಲುಗಳನ್ನು ಒಳಗೆ ತಳ್ಳಿ ತಗಡಿನ ಬಾಗಿಲು ಮುಚ್ಚಿದ. ಆಮೇಲೆ ಸ್ಟೂಲನ್ನು ಎಳೆದು, ತಿರುಗಿಸಿ, ಭಟ್ಟಿಗೆ ಬೆನ್ನು ಹಾಕಿ ಅಂಗಳದ ಕಡೆ ಮುಖ ಮಾಡಿ ಕೂತ. ಹಾಗೆ ಕೂತವರನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಎದೆ ಹೊಡೆದುಕೊಳ್ಳತೊಡಗಿತು. ಬರುತ್ತದೆಂದು ಅವನಿಗೆ ಗೊತ್ತಿತ್ತು. ಮೊದಲಿನಷ್ಟು ಜೋರಿಲ್ಲ, ಆದರೆ ಅದೇ ಸದ್ದು. ಬೆಲ್ಲ ಬೇಗ ಹತ್ತುತ್ತದೆ, ಸುಟ್ಟಿತು, ಕುಡ್ತರಿಯ ಮುದುಕಿಯರು ಉಗುಳುತ್ತಾರೆ ಎಂದು ಅದೇ ಹಳೆಯ ಯೋಚನೆ ಬಂದು ಪಕ್ಕದಲ್ಲೇ ಕೂತಿತು. ಬಾ, ಕೂತಿರು ಅಂದ ಮನಸ್ಸಿನಲ್ಲೇ. ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡ. ಅವು ಅಲ್ಲೇ ಇದ್ದವು.

ಈಗ ಚಡಪಡಿಸತೊಡಗಿದವರು ಬೇರೆಯವರು. ಪಾವ್ಲು ಅತ್ತಿಂದಿತ್ತ ತಿರುಗಾಡಿದ. ಸಾಲು ಹಾರನ್ನಿನ ರಬ್ಬರು ಹಿಚುಕುತ್ತಾ ನಿಂತ. ಸೆವ್ರಿನ್ ತಡೆಯಲಾಗದೆ ಹತ್ತಿರ ಬಂದಳು. "ಒಂದೇ ಒಂದು ಸಲ ನೋಡಿಬಿಡ್ಲಾ? ಸಂದಿಯಿಂದ?"

"ಮಾತ್ರೆ ನಿನಗೂ ಬೇಕಾ? ಹಾಳೆಯಲ್ಲಿ ಇನ್ನೂ ಇದೆ."

"ಸಾಯಲಿ ನಿನ್ನ ಮಾತ್ರೆ," ಎಂದು ಅವಳು ಅವನ ಪಕ್ಕದ ನೆಲದಲ್ಲೇ ಕುಕ್ಕರಿಸಿದಳು. ಅವನು ಅವಳ ಕೈ ಹಿಡಿದುಕೊಂಡ. ಹಿಟ್ಟಿನ ಕೈಯೂ ಕಾಯಿತುರಿಯ ಕೈಯೂ ಹಾಗೇ ಕೂಡಿಕೊಂಡು ಇದ್ದವು.

ಮೊದಲು ಬಂದದ್ದು ಹಸಿ ಬೆಲ್ಲದ ವಾಸನೆ. ಆಮೇಲೆ ಕಾಯಿಯದು. ರುಜಾರ ಕಣ್ಣು ಮುಚ್ಚಿಕೊಂಡಿದ್ದ. ವಾಸನೆ ದಪ್ಪವಾಯಿತು, ಅಂಗಳ ತುಂಬಿತು. ಕೊನೆಗೆ ಬೆಲ್ಲದ ಸಿಹಿಯೊಳಗೆ ಕಹಿಯ ಒಂದೇ ಒಂದು ಎಳೆ ಕಾಣಿಸಿಕೊಂಡಿತು. ಅಪ್ಪ ಅದನ್ನೇ ಕಾಯುತ್ತಿದ್ದದ್ದು.

"ಸಬೀನ," ಎಂದು ಕರೆದ. "ಬಾಗಿಲು ತೆಗಿ."

"ನಾನಾ ಪಾಯ್?" ಎಂದು ಮಗಳು ಅಪ್ಪನನ್ನು ಕೇಳಿದಳು. "ನೀನು ನೋಡಲ್ವಾ?"

"ನಿನ್ನ ಬೋಲ್ ಅದು, ನೀನು ನೋಡು. ನನಗೆ ಗೊತ್ತಿದೆ."

ಮಗಳು ಬಟ್ಟೆ ಸುತ್ತಿದ ಕೈಯಿಂದ ತಗಡು ಸರಿಸಿದಳು. ಬಿಸಿ ಗಾಳಿ ಅವನ ಬೆನ್ನಿಗೆ ಬಡಿಯಿತು. 

"ನಮ್ಮಪ್ಪನದಕ್ಕಿಂತ ಚೆನ್ನಾಗಿದೆಯಲ್ಲೋ ಅಣ್ಣಾ!" ಎಂದು ಕೂಗಿದ್ದು ಪಾವ್ಲು. ಸಬೀನ ಮಾತಾಡಲಾಗದೆ ನಗುತ್ತಾ ಅಳುತ್ತಿದ್ದಳು. ಕಪ್ಪಗೆ, ನುಣ್ಣಗೆ, ಒಂದೂ ಸೀಳದೆ, ಒಂದೂ ಕುಸಿಯದೆ ಕೂತಿದ್ದ ಬೋಲುಗಳನ್ನು ನೋಡಲು ಹೆಂಗಸರೆಲ್ಲ ಎದ್ದು ಬಂದರು. ತಿಯಾ ಎರ್ಮೆಲಿಂದ್ ಊರುಗೋಲಿನಿಂದಲೇ ದಾರಿ ಮಾಡಿಕೊಂಡು ಮುಂದೆ ನುಗ್ಗಿದಳು. ಸೆವ್ರಿನ್ ಕೈ ಬಿಡಿಸಿಕೊಂಡು ಓಡಿದಳು. ಇಡೀ ವಾಡೆ ಭಟ್ಟಿಯ ಬಾಯಿಗೆ ಮುಗಿಬಿದ್ದಿತ್ತು.

ರುಜಾರ ಸ್ಟೂಲಿನ ಮೇಲೆ ಹಾಗೇ ಕೂತು ಅಂಗೈಗೆ ಮೆತ್ತಿದ ಹಿಟ್ಟನ್ನು ನಿಧಾನವಾಗಿ ಉಜ್ಜಿ ಉದುರಿಸಿಕೊಂಡ. ಎಲ್ಲರೂ ನೋಡಿ ಮುಗಿಸಿದ ಮೇಲೆ, ಎಲ್ಲರಿಗಿಂತ ಕೊನೆಗೆ, ಅವನು ತಿರುಗಿದ.